ರೇಂಜ್‌ಫೈಂಡರ್‌ಗೆ ಎಫ್ 2 ಸಾಕೇ?

"ಹಳೆಯ ಲೈಕಾ ಎಂ ಬಾಡಿಯೊಂದು ಸಿಕ್ಕಿದೆ. ಕಡಿಮೆ ಬೆಳಕಿಗೆ ಒಂದು ವೈಡ್ ಲೆನ್ಸ್ ಬೇಕು. ಲೈಕಾದ್ದೇ ಲೆನ್ಸ್ ಕೊಳ್ಳುವ ಶಕ್ತಿ ಇಲ್ಲ. ಯಾವುದನ್ನು ಕೊಳ್ಳಲಿ?" ನನ್ನ ಕೊರಳಲ್ಲಿ ಕ್ಯಾಮೆರಾ ಕಂಡವರು ಹೆಚ್ಚಾಗಿ ಕೇಳುವುದು ಇದನ್ನೇ. ಲೈಕಾ ಎಂ ಒಂದು ರೇಂಜ್‌ಫೈಂಡರ್, ಅಂದರೆ ಲೆನ್ಸಿನ ಮೂಲಕವಲ್ಲದೆ ಪಕ್ಕದ ಕಿಟಕಿಯಿಂದ ನೋಡಿ ಫೋಕಸ್ ಮಾಡುವ ಕ್ಯಾಮೆರಾ. 35 ಮಿ.ಮೀ., ಎಫ್ 2 ಎನ್ನುತ್ತೇನೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು). ಕೂಡಲೇ ಎರಡನೆಯ ಪ್ರಶ್ನೆ ಬರುತ್ತದೆ: "ಎಫ್ 1.4 ಯಾಕೆ ಬೇಡ?"

ನಾನೂ ಮೊದಲು ಕೊಂಡದ್ದು ಎಫ್ 1.4 ಲೆನ್ಸನ್ನೇ. ಅದನ್ನು ಹಿಡಿದು ಯಕ್ಷಗಾನದ ಚೌಕಿಯಲ್ಲಿ ಒಂದು ರಾತ್ರಿ ಕಳೆದೆ. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದ ವೇಷಧಾರಿಗಳ ಪಕ್ಕದಲ್ಲೇ ಕುಳಿತು, ಪ್ರತಿ ಸಲವೂ ಕಣ್ಣಿಗೇ ಫೋಕಸ್ ಮಾಡಿ ಶಟರ್ ಒತ್ತಿದೆ. ಫಿಲ್ಮ್ ತೊಳೆದು ನೋಡಿದರೆ, ಎಫ್ 2.8ರಲ್ಲಿ ತೆಗೆದ ಚಿತ್ರಗಳಲ್ಲೆಲ್ಲ ಕಣ್ಣು ಮಸುಕು, ಕಿವಿಯ ಆಭರಣ ಮಾತ್ರ ಸ್ಫುಟ. ಮತ್ತೆ ಸಿಗದ ರಾತ್ರಿ ಅದು. ಇಂದಿಗೂ ನನಗೆ ನೋವಿದೆ.

ಕೆಲವು ವೇಗದ, ಅಂದರೆ ಹೆಚ್ಚು ಬೆಳಕು ಬಿಡುವ, ಲೆನ್ಸ್‌ಗಳಲ್ಲಿ ಅಂಚಿನಿಂದ ಬರುವ ಕಿರಣಗಳೂ ನಡುವಿನಿಂದ ಬರುವ ಕಿರಣಗಳೂ ಒಂದೇ ಕಡೆ ಕೂಡುವುದಿಲ್ಲ. ಅಪರ್ಚರ್ (ಬೆಳಕು ಬಿಡುವ ಕಿಂಡಿ) ಕಿರಿದು ಮಾಡಿದಾಗ ಅಂಚಿನ ಕಿರಣಗಳು ತಡೆಯಲ್ಪಡುತ್ತವೆ, ಫೋಕಸ್ ಹಿಂದಕ್ಕೆ ಸರಿಯುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಾದರೆ ತೆರೆಯ ಮೇಲೆ ಹಿಗ್ಗಿಸಿ ನೋಡಿ ಸರಿಪಡಿಸಬಹುದು. ರೇಂಜ್‌ಫೈಂಡರ್‌ನಲ್ಲಿ ನಾವು ಲೆನ್ಸಿನ ಮೂಲಕ ನೋಡುವುದೇ ಇಲ್ಲ. ಪಕ್ಕದ ಕಿಟಕಿಯಲ್ಲಿ ಎರಡು ಬಿಂಬಗಳು ಒಂದಾದರೆ ಸರಿಯಾಯಿತು ಎಂದು ನಂಬುತ್ತೇವೆ. ಆ ನಂಬಿಕೆ ಉಳಿಸುವ ಲೆನ್ಸ್ ನನಗೆ ಬೇಕು. ಎಷ್ಟು ಬೆಳಕು ಬಿಡುತ್ತದೆ ಎಂಬುದು ಆಮೇಲಿನ ಮಾತು.

ಲೆಕ್ಕವನ್ನೂ ನೋಡಿ. 35 ಮಿ.ಮೀ. ಲೆನ್ಸಿನಲ್ಲಿ ಒಂದು ಮೀಟರ್ ದೂರಕ್ಕೆ ಎಫ್ 1.4 ಕೊಡುವ ಸ್ಫುಟತೆಯ ಆಳ (ಹಿಂದುಮುಂದಾಗಿ ಸ್ಫುಟವಾಗಿ ಕಾಣುವಷ್ಟು ಜಾಗ) ಸುಮಾರು 7 ಸೆಂ.ಮೀ., ಎಫ್ 2 ಕೊಡುವುದು ಸುಮಾರು 10. ಬೆಳಕು ಅರ್ಧವಾಗುತ್ತದೆ, ನಿಜ. ಆದರೆ ಐಎಸ್‌ಒ 400ರ ಫಿಲ್ಮನ್ನು 800ಕ್ಕೆ ಪುಶ್ ಮಾಡಿದರೆ (800ರದ್ದೆಂದೇ ತೆಗೆದು, ಹೆಚ್ಚು ಹೊತ್ತು ತೊಳೆದರೆ) ಅದು ತುಂಬಿಬರುತ್ತದೆ. ಎಸ್‌ಎಲ್‌ಆರ್ ಕ್ಯಾಮೆರಾದಂತೆ ಶಟರ್ ಒತ್ತಿದಾಗ ಬಡಿಯುವ ಕನ್ನಡಿಯೂ ಇದರಲ್ಲಿ ಇಲ್ಲದ್ದರಿಂದ ಗೋಡೆಗೆ ಒರಗಿದರೆ 1/15 ಸೆಕೆಂಡಿನಲ್ಲೂ ಕೈ ನಿಲ್ಲುತ್ತದೆ.

ಹೆಸರು ಹೇಳಲೇಬೇಕಾದರೆ, ಜಪಾನಿನ ಕೊಸಿನಾ ಸಂಸ್ಥೆ ವಾಯ್ಟ್‌ಲ್ಯಾಂಡರ್ ಹೆಸರಿನಲ್ಲಿ 2019ರಲ್ಲಿ ತಂದ ಅಲ್ಟ್ರಾನ್ 35, ಎಫ್ 2. 39 ಮಿ.ಮೀ. ಫಿಲ್ಟರ್ ಹಿಡಿಸುವ ಪುಟ್ಟ ಲೆನ್ಸ್, ವ್ಯೂಫೈಂಡರ್‌ನ ಮೂಲೆಗೆ ಹೆಚ್ಚು ಅಡ್ಡ ಬರುವುದಿಲ್ಲ. ಇನ್ನೂ ಅಗಲ ಬೇಕಿದ್ದರೆ ಅದೇ ಸಾಲಿನ ಅಲ್ಟ್ರಾನ್ 28 ಇದೆ. ಎಫ್ 2ರಲ್ಲೇ ಎರಡು ಮೀಟರ್ ದೂರಕ್ಕೆ 60 ಸೆಂ.ಮೀ. ಆಳ ಸಿಗುತ್ತದೆ. ಆದರೆ ನಿಮ್ಮ ಬಾಡಿ ಯಾವುದು? ಎಂ3ರಲ್ಲಿ 35ರ ಚೌಕಟ್ಟೇ (ಚಿತ್ರದ ಅಂಚು ತೋರಿಸುವ ವ್ಯೂಫೈಂಡರ್‌ನ ಗೆರೆಗಳು) ಇಲ್ಲ, ಎಂ2ರಲ್ಲಿ ಇದೆ, 28ರದ್ದು ಬಂದದ್ದು ಎಂ4‑ಪಿಯಿಂದ. ಕನ್ನಡಕ ಹಾಕುವ ನನಗೆ 28ರ ಅಂಚು ಪೂರ್ತಿ ಕಾಣುವುದೇ ಇಲ್ಲ.

ಸೋವಿಯತ್ ಜುಪಿಟರ್‑12 ಅಗ್ಗ ಎಂದು ಹಲವರು ನೆನಪಿಸುತ್ತಾರೆ. ಚೆಂದದ ಲೆನ್ಸೇ, ಆದರೆ ಎಫ್ 2.8. ಹಿಂದಿನ ಗಾಜು ಬಾಡಿಯೊಳಗೆ ಬಹಳ ಚಾಚುವುದರಿಂದ ಕೆಲವು ಕ್ಯಾಮೆರಾಗಳ ಬೆಳಕು ಅಳೆಯುವ ಮೀಟರಿಗೆ ಅಡ್ಡವಾಗುತ್ತದೆ. ಹಳೆಯದು ಯಾವುದೇ ಇರಲಿ, ಟಾರ್ಚ್ ಹಾಕಿ ಒಳಗೆ ನೋಡಿ. ನಮ್ಮ ಕರಾವಳಿ, ಮಲೆನಾಡಿನ ತೇವದಲ್ಲಿ ಗಾಜಿಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು.

ಕೊಂಡ ದಿನವೇ ಒಂದು ರೋಲ್ ಇದಕ್ಕೆಂದು ಮೀಸಲಿಡಿ. ದಿನಪತ್ರಿಕೆಯನ್ನು ಓರೆಯಾಗಿ ನಿಲ್ಲಿಸಿ, ನಡುವಿನ ಒಂದು ಸಾಲಿಗೆ ಗೆರೆ ಎಳೆದು, ಒಂದು ಮೀಟರ್ ದೂರದಿಂದ ಆ ಗೆರೆಗೇ ಫೋಕಸ್ ಮಾಡಿ ಎಫ್ 2, 2.8, 4, 5.6ರಲ್ಲಿ ತೆಗೆಯಿರಿ. ಗೆರೆ ಎಳೆದ ಸಾಲು ನಾಲ್ಕರಲ್ಲೂ ಸರಿಯಾಗಿ ಓದಲು ಬಂದರೆ ಆ ಲೆನ್ಸನ್ನು ಚೌಕಿಗೆ ಒಯ್ಯಬಹುದು.