ವಿಮಾನ ಲೆಕ್ಕದ ಪ್ರೋಗ್ರಾಮ್: ದೂರ ಮುಗಿಯಿತು, ಸಮಯ ಬಾಕಿ

ಎರಡು ವಿಮಾನ ನಿಲ್ದಾಣಗಳ ಮೂರಕ್ಷರದ ಕೋಡ್ ಕೊಟ್ಟರೆ ನಡುವಿನ ದೂರ ಎಷ್ಟು, ಹಾರಲು ಎಷ್ಟು ಹೊತ್ತು ಎಂದು ಹೇಳುವ ಪುಟ್ಟ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ದೂರದ ಭಾಗ ಮುಗಿದ ಹಾಗೆಯೇ. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಗೋಳ ಎಂದಿಟ್ಟುಕೊಂಡು, ಗೋಳದ ಮೇಲಿನ ಎರಡು ಬಿಂದುಗಳ ದೂರ ಕೊಡುವ ಹಾವರ್ಸೈನ್ ಸೂತ್ರ ಹಾಕಿದರೆ ಲಂಡನ್ನಿನ ಹೀಥ್ರೂನಿಂದ ನ್ಯೂಯಾರ್ಕಿನ ಜೆಎಫ್‌ಕೆಗೆ 5,540 ಕಿ.ಮೀ. ಬರುತ್ತದೆ. ಭೂಮಿ ಧ್ರುವಗಳ ಕಡೆ ತುಸು ಚಪ್ಪಟೆ. ಅದನ್ನೂ ಹಿಡಿಯುವ ವಿನ್ಸೆಂಟಿ ಸೂತ್ರದಲ್ಲಿ ಸುಮಾರು 5,555. ವ್ಯತ್ಯಾಸ ಹದಿನೈದು ಕಿಲೋಮೀಟರ್, ಅಂದರೆ ಜೆಟ್ ವಿಮಾನಕ್ಕೆ ಒಂದು ನಿಮಿಷ. ಜೊತೆಗೆ, ಭೂಗೋಳದ ಹೆಚ್ಚುಕಡಿಮೆ ಎದುರುಬದುರು ಇರುವ ಎರಡು ಜಾಗ ಕೊಟ್ಟರೆ ವಿನ್ಸೆಂಟಿ ಉತ್ತರಕ್ಕೆ ಬಾರದೆ ಸುತ್ತುತ್ತಲೇ ಇರುವುದುಂಟು. ನನ್ನ ಕೆಲಸಕ್ಕೆ ಹಾವರ್ಸೈನ್ ಧಾರಾಳವಾಯಿತು.

ತಲೆ ತಿನ್ನುತ್ತಿರುವುದು ಸಮಯ. ದೂರವನ್ನು ಗಂಟೆಗೆ 900 ಕಿ.ಮೀ.ನಿಂದ ಭಾಗಿಸಿದರೆ ಮುಗಿಯಿತಲ್ಲ ಎನ್ನಿಸುತ್ತದೆ. ಆದರೆ 300 ಕಿ.ಮೀ.ಗೆ ಆ ಲೆಕ್ಕ ಇಪ್ಪತ್ತು ನಿಮಿಷ ಎನ್ನುತ್ತದೆ, ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಆಸುಪಾಸು ಇರುತ್ತದೆ. ರನ್‌ವೇವರೆಗೆ ಉರುಳುವುದು, ಮೇಲೇರುವುದು, ಇಳಿಯುವುದು, ಮತ್ತೆ ಗೇಟಿಗೆ ಬಂದು ನಿಲ್ಲುವುದು, ಎಲ್ಲವೂ ಆ ಗಂಟೆಯೊಳಗೇ. ಹಾಗಾಗಿ ಪ್ರತಿ ಹಾರಾಟಕ್ಕೂ ಅರ್ಧ ಗಂಟೆ ಸ್ಥಿರವಾಗಿ ಸೇರಿಸಿ, ವೇಗವನ್ನು 850ಕ್ಕೆ ಇಳಿಸಿದೆ. ಹೀಥ್ರೂ–ಜೆಎಫ್‌ಕೆಗೆ ಈಗ ಏಳು ಗಂಟೆ ಬರುತ್ತಿದೆ.

ಬರುವಾಗಿನ ಪ್ರಯಾಣಕ್ಕೆ ಈ ಏಳು ಗಂಟೆ ಹೊಂದುತ್ತದೆ. ಹೋಗುವುದಕ್ಕೆ ವೇಳಾಪಟ್ಟಿ ಸುಮಾರು ಎಂಟು ಗಂಟೆ ತೋರಿಸುತ್ತದೆ. ಬಹಳ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿ, ಜೆಟ್ ಸ್ಟ್ರೀಮ್‌ನ ಆಟ ಇದು. 2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಒಂದು 747 ನ್ಯೂಯಾರ್ಕಿನಿಂದ ಲಂಡನ್ನಿಗೆ 5 ಗಂಟೆಯೂ ಹಿಡಿಯದೆ, 4 ಗಂಟೆ 56 ನಿಮಿಷಕ್ಕೇ ಬಂದಿಳಿದಿತ್ತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು, ಆದರೂ ಶಬ್ದದ ವೇಗವನ್ನು ಮೀರಿರಲಿಲ್ಲ, ಯಾಕೆಂದರೆ ಅದು ತೇಲುತ್ತಿದ್ದ ಗಾಳಿಯೇ ಓಡುತ್ತಿತ್ತು. ಅಂಥ ದಿನಕ್ಕೆ ನನ್ನ ಸೂತ್ರ ಯಾವ ಸಂಖ್ಯೆ ಕೊಟ್ಟರೂ ಸುಳ್ಳೇ. ಸದ್ಯಕ್ಕೆ ಮಧ್ಯ ಅಕ್ಷಾಂಶಗಳಲ್ಲಿ ಪಶ್ಚಿಮಕ್ಕೆ ಹೊರಟರೆ ವೇಗ ಕಡಿಮೆ, ಪೂರ್ವಕ್ಕೆ ಹೊರಟರೆ ಹೆಚ್ಚು ಎಂದು ಎರಡು ಗುಣಕ ಇಟ್ಟಿದ್ದೇನೆ. ಒರಟು ಉಪಾಯ, ಆದರೆ ಒಂದೇ ವೇಗಕ್ಕಿಂತ ವಾಸಿ.

ಕಾಲವಲಯದ್ದು ಸುಲಭವಾಗಿ ಬಗೆಹರಿಯಿತು: ಹೊರಡುವ, ಇಳಿಯುವ ಸ್ಥಳೀಯ ಹೊತ್ತೆರಡನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ, ತಂದು ಕಳೆದರೆ ಸರಿ. ಆಕ್ಲೆಂಡಿನಿಂದ ರಾತ್ರಿ ಹೊರಟು ಹೊನೊಲುಲುವಿನಲ್ಲಿ ಅದೇ ತಾರೀಖಿನ ಬೆಳಿಗ್ಗೆ ಇಳಿಯುವ ವಿಮಾನಕ್ಕೂ ಈಗ ಋಣ ಸಮಯ ಬರುವುದಿಲ್ಲ.

ಸೂತ್ರಕ್ಕೆ ನಿಲುಕದ ಇನ್ನೊಂದು ಸಂಗತಿ ವಾಯುಪ್ರದೇಶ. ಹೆಲ್ಸಿಂಕಿ–ಟೋಕಿಯೋ ಮಹಾವೃತ್ತದ (ಗೋಳದ ಮೇಲಿನ ಅತಿ ಹತ್ತಿರದ ದಾರಿಯ) ದೂರ 8,000 ಕಿ.ಮೀ.ಗೂ ಕಡಿಮೆ, ದಾರಿಯ ಬಹುಪಾಲು ರಷ್ಯಾದ ಮೇಲೆ. 2022ರಲ್ಲಿ ಆ ಆಕಾಶ ಮುಚ್ಚಿದ ಮೇಲೆ ಫಿನ್‌ಲ್ಯಾಂಡಿನ ವಿಮಾನ ಸಂಸ್ಥೆ ಫಿನ್‌ಏರ್ ಸುತ್ತುಬಳಸಿ ಹಾರುತ್ತಿದೆ, ಒಂಬತ್ತೂವರೆ ಗಂಟೆಯ ಆಸುಪಾಸು ಇದ್ದದ್ದು ಹದಿಮೂರರ ಹತ್ತಿರ ಹೋಗಿದೆ. ಇದಕ್ಕೆ ಗುಣಕ ಹಾಕಿ ಪ್ರಯೋಜನವಿಲ್ಲ. ಇಂಥ ಜೋಡಿಗಳಿಗೆ ನಡುವೆ ಹಾಯಬೇಕಾದ ಬಿಂದುಗಳನ್ನು ಕೈಯಾರೆ ಕೊಟ್ಟು, ತುಂಡು ತುಂಡಾಗಿ ದೂರ ಕೂಡಿಸುವ ಭಾಗವನ್ನು ಮುಂದೆ ಬರೆಯಬೇಕು.