ಪ್ರಕಾಶನ ಮಾರಾಟವಾದರೆ ಲೇಖಕರ ಕರಾರು ಏನಾಗುತ್ತದೆ?

ಬೆಳಗಾವಿಯ ಸಣ್ಣ ಪ್ರಕಾಶನವೊಂದರಲ್ಲಿ ಕರಾರು ಪತ್ರ ಮತ್ತು ಲೇಖಕರಿಗೆ ಸಲ್ಲುವ ರಾಯಧನದ (ರಾಯಲ್ಟಿ) ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಬಾಗಲಕೋಟೆಯ ಹಳೆಯ ಪ್ರಕಾಶನವೊಂದನ್ನು ನಮ್ಮ ಯಜಮಾನರು ಕೊಂಡಾಗ ಅದರ ಕಡತಗಳೆಲ್ಲ ನನ್ನ ಮೇಜಿಗೆ ಬಂದವು. ಹಣ ಕೊಟ್ಟ ಮೇಲೆ ಪುಸ್ತಕಗಳೆಲ್ಲ ನಮ್ಮವೇ ಎಂದು ಯಜಮಾನರು ನಂಬಿದ್ದರು. ಕಡತಗಳು ಬೇರೆಯದನ್ನೇ ಹೇಳಿದವು.

ಕೊಂಡದ್ದು ಕಂಪನಿಯ ಷೇರುಗಳಾಗಿದ್ದರೆ ಲೇಖಕರ ಮಟ್ಟಿಗೆ ಹೆಚ್ಚೇನೂ ಬದಲಾಗದು. ಕರಾರಿಗೆ ಸಹಿ ಹಾಕಿದ ಕಂಪನಿ ಹಾಗೆಯೇ ಇರುತ್ತದೆ, ಮಾಲೀಕರು ಬೇರೆ ಅಷ್ಟೇ. ಆದರೆ ನಮ್ಮ ಕಡೆಯ ಸಣ್ಣ ಪ್ರಕಾಶನಗಳು ಹೆಚ್ಚಾಗಿ ಒಬ್ಬರ ಹೆಸರಿನಲ್ಲಿ ನಡೆಯುವ ವ್ಯವಹಾರ. ಅಲ್ಲಿ ಕೈ ಬದಲಾಗುವುದು ಗೋದಾಮಿನ ದಾಸ್ತಾನು, ಪ್ರಕಾಶನದ ಹೆಸರು ಮತ್ತು ಮಾರುವವರ ಬಳಿ ನಿಜಕ್ಕೂ ಇದ್ದಷ್ಟು ಹಕ್ಕು.

ಎಷ್ಟಿತ್ತು? ಹಲವು ಪುಸ್ತಕಗಳಿಗೆ ಕರಾರೇ ಇರಲಿಲ್ಲ. ಹಸ್ತಪ್ರತಿ ಕೊಟ್ಟು, ಒಂದಿಷ್ಟು ಗೌರವ ಪ್ರತಿ ಪಡೆದು, ಚಹಾ ಕುಡಿದು ಹೋದ ಲೇಖಕರೇ ಹೆಚ್ಚು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಬರವಣಿಗೆ ಮತ್ತು ಸಹಿ ಇಲ್ಲದೆ ಹಕ್ಕು ವರ್ಗವಾಗುವುದಿಲ್ಲ. ಕರಾರು ಇದ್ದರೂ ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಲೆಕ್ಕ. ಈ ಐದು ವರ್ಷದ ನಿಯಮ 1995ರಲ್ಲಿ ಜಾರಿಯಾದ ತಿದ್ದುಪಡಿಯಿಂದ ಬಂದದ್ದು. ಅದಕ್ಕೂ ಮೊದಲಿನ ವರ್ಗಾವಣೆಗಳಿಗೆ ಅನ್ವಯಿಸದು. ಹಾಗಾಗಿ ಮಾಸಿದ ಛಾಪಾ ಕಾಗದದ ಮೇಲಿನ ದಿನಾಂಕವೇ ಮೊದಲು ನೋಡಬೇಕಾದದ್ದು. ನಮ್ಮವರು ಮೊದಲು ನೋಡಿದ್ದು ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಯಾವ ಪುಸ್ತಕ ನಡೆಯುತ್ತದೆ ಎಂಬುದನ್ನು!

ಲೇಖಕರು ಹೆದರಬೇಕಾದದ್ದು ಇನ್ನೊಂದು ಕಡೆ. ಹಕ್ಕು ಕೈ ಬದಲಾಯಿಸಿದಷ್ಟು ಸುಲಭವಾಗಿ ರಾಯಧನ ಕೊಡುವ ಹೊಣೆ ಕೈ ಬದಲಾಯಿಸುವುದಿಲ್ಲ. ಕರಾರಿನ ಹೊಣೆಯನ್ನು ಎದುರು ಪಕ್ಷದ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ತಲೆಗೆ ಕಟ್ಟಲಾಗದು ಎಂದು ಸುಪ್ರೀಂ ಕೋರ್ಟ್ 1962ರಲ್ಲೇ ಖರ್ದಾ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ಇಂಗ್ಲೆಂಡಿನಲ್ಲಿ ಬಾರ್ಕರ್ ಎಂಬ ಲೇಖಕರು ರಾಯಧನದ ಭರವಸೆಯ ಮೇಲೆ ಕೃತಿಸ್ವಾಮ್ಯವನ್ನೇ ಕಂಪನಿಗೆ ಬರೆದುಕೊಟ್ಟಿದ್ದರು. ಕಂಪನಿ ಸಾಲದಲ್ಲಿ ಮುಳುಗಿ ಆ ಹಕ್ಕು ಮಾರಾಟವಾಯಿತು. ಕೊಂಡವರಿಗೆ ಕರಾರಿನ ವಿಷಯ ಗೊತ್ತಿದ್ದರೂ ರಾಯಧನ ಕೊಡುವ ಹೊಣೆ ಅವರದಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಕೃತಿಸ್ವಾಮ್ಯ ತಮ್ಮಲ್ಲೇ ಇಟ್ಟುಕೊಂಡು ಮುದ್ರಣದ ಅನುಮತಿ ಮಾತ್ರ ಕೊಡಿ ಎಂದು ಲೇಖಕರಿಗೆ ನಾನು ಹೇಳುವುದು ಇದಕ್ಕೇ. ಪ್ರಕಾಶನದ ಸಂಬಳ ತಿಂದೂ ಹೇಳುತ್ತೇನೆ.

ನಿವೃತ್ತ ಮಾಸ್ತರರೊಬ್ಬರು ಫೋನ್ ಮಾಡಿ, “ನನ್ನ ಪುಸ್ತಕ ಮಾರಿದಿರಂತೆ, ನನ್ನನ್ನು ಕೇಳಿದವರು ಯಾರ್ರೀ?” ಎಂದರು. ಕೇಳಲು ಕಾಗದ ಕಳಿಸಿದ್ದೆವು, ತಲುಪಿರಲಿಲ್ಲ. ಕರಾರಿನಲ್ಲಿದ್ದದ್ದು ಆಲಮಟ್ಟಿ ಹಿನ್ನೀರಿಗೆ ಮುಳುಗಡೆಯಾದ ಹಳೆ ಊರಿನ ವಿಳಾಸ. ಅವರು ನವನಗರಕ್ಕೆ ಹೋಗಿ ಎಷ್ಟೋ ಕಾಲವಾಗಿತ್ತು. ಅವರ ಕರಾರು ತಿದ್ದುಪಡಿಯ ನಂತರದ್ದು, ಅದರಲ್ಲಿ ಅವಧಿಯೂ ಇರಲಿಲ್ಲ, ಐದು ವರ್ಷ ಎಂದೋ ಕಳೆದಿತ್ತು. “ಹಾಗಾದರೆ ಪುಸ್ತಕ ನಿಮ್ಮದೇ ಸರ್, ಹೊಸ ಕರಾರು ಬೇಕಿದ್ದರೆ ಮಾಡೋಣ” ಎಂದೆ. ಅವರು ಬೇಡ ಎಂದರು.

ಉಳಿದವರಿಗೆ ಮೂವರೂ ಸಹಿ ಹಾಕುವ ಒಂದು ಪತ್ರ ಮಾಡಿಸಿದೆವು: ಮಾರಿದವರು, ಕೊಂಡವರು, ಲೇಖಕರು. ಇಂತಿಂಥ ಕರಾರಿನ ಹಕ್ಕು ಹೊಣೆ ಎರಡೂ ಇಂತಹ ದಿನದಿಂದ ಹೊಸಬರದು, ಅದಕ್ಕಿಂತ ಹಿಂದಿನ ಬಾಕಿ ಹಳಬರದು ಎಂದು. ಜಗಳ ಹುಟ್ಟಿದ್ದು ಗೋದಾಮಿನಲ್ಲಿ ಉಳಿದಿದ್ದ ಪ್ರತಿಗಳ ಬಗ್ಗೆ. ಮುದ್ರಿಸಿದವರು ಹಳಬರು, ಪ್ರತಿ ಮಾರುವವರು ನಾವು, ರಾಯಧನ ಕೊಡುವ ಹೊಣೆ ಯಾರದು? ಮಾರಿದ ಪ್ರತಿಗೆ ರಾಯಧನ ಎಂದು ಕರಾರಿದ್ದರೆ ಪ್ರತಿ ಮಾರುವ ನಾವೇ ಕೊಡಬೇಕು ಎಂದು ನಾನು ಪಟ್ಟು ಹಿಡಿದೆ. ಯಜಮಾನರು ಗೊಣಗಿದರು, ಆಮೇಲೆ ಅಷ್ಟು ಮೊತ್ತವನ್ನು ಹಳಬರಿಗೆ ಕೊಡಬೇಕಿದ್ದ ಖರೀದಿಯ ಕೊನೆಯ ಕಂತಿನಲ್ಲಿ ಮುರಿದುಕೊಂಡರು.