ಬಾಗಿದ ಟ್ಯಾಬ್, ಒಡೆದ ಟ್ಯಾಬ್, ಊದಿದ ಟ್ಯಾಬ್

ಸ್ಟೀಲ್ ಸ್ಕೇಲನ್ನು ಟ್ಯಾಬಿನ ಬೆನ್ನಿನ ಮೇಲೆ ಉದ್ದುದ್ದಕ್ಕೆ ಅಂಚಿನ ಮೇಲೆ ನಿಲ್ಲಿಸಿ, ಆಚೆಯಿಂದ ಎಲ್‌ಇಡಿ ದೀಪ ಹಿಡಿದರೆ ಬಾಗು ಎಲ್ಲಿದೆ ಅನ್ನುವುದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಅವತ್ತು ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಬೆಂಚಿಗೆ ಮೊದಲು ಬಂದ ಟ್ಯಾಬ್ ಹನ್ನೊಂದು ಇಂಚಿನದು, ಅಲ್ಯೂಮಿನಿಯಂ ಮೈ, ದಪ್ಪ ಆರು ಮಿ.ಮೀ.ಗೂ ಕಡಿಮೆ. ಸ್ಕೇಲಿನ ಎರಡು ತುದಿ ಕೂತಿವೆ, ನಡುವೆ ಬೆಳಕು ತೂರಿ ಬರುತ್ತಿದೆ. ಆ ಸಂದಿನಲ್ಲಿ 0.9 ಮಿ.ಮೀ. ಫೀಲರ್ ಗೇಜ್ (ಸಂದಿನ ಅಗಲ ಅಳೆಯುವ ತೆಳು ಲೋಹದ ಪಟ್ಟಿ) ಸಲೀಸಾಗಿ ಓಡಾಡಿತು, 1 ಮಿ.ಮೀ.ನದು ಬಿಗಿಯಾಯಿತು. ಪರದೆ ಒಡೆದಿಲ್ಲ, ಆದರೆ ನಡುವೆ ಒಂದು ಕಡೆ ಟಚ್ ಕೆಲಸ ಮಾಡುತ್ತಿಲ್ಲ.

“ಸಾರ್, ಇದು ಒಂದ್ಸಲಾನೂ ಬಿದ್ದಿಲ್ಲ. ಬ್ಯಾಗಲ್ಲೇ ಇತ್ತು.”

“ಬ್ಯಾಗಲ್ಲಿ ಜೊತೆಗೆ ಏನಿತ್ತು ಮೇಡಂ?”

“ಲ್ಯಾಪ್‌ಟಾಪ್ ಚಾರ್ಜರ್, ಊಟದ ಡಬ್ಬಿ.”

ಬಿದ್ದ ಟ್ಯಾಬಿನ ಗುರುತು ಮೂಲೆಯಲ್ಲಿರುತ್ತದೆ. ಬ್ಯಾಗಿನಲ್ಲಿ ಕೆಟ್ಟದ್ದರ ಗುರುತು ನಟ್ಟನಡುವೆ. ಚಾರ್ಜರಿನ ಇಟ್ಟಿಗೆ ಟ್ಯಾಬಿನ ಮಧ್ಯಕ್ಕೆ ಒತ್ತಿಕೊಂಡಿರುತ್ತದೆ, ಎರಡು ತುದಿ ಬ್ಯಾಗಿನ ಬಟ್ಟೆಗೆ ಬಿಗಿಯಾಗಿರುತ್ತವೆ. ನಿಂತ ಬಸ್ಸಿನಲ್ಲಿ ಹಿಂದಿನವರ ಭಾರ ಬಿದ್ದರೆ, ಅಥವಾ ಬ್ಯಾಗು ಹಾಕಿಕೊಂಡೇ ಸೀಟಿಗೆ ಒರಗಿದರೆ, ಮೂರು ಬಿಂದುಗಳಲ್ಲಿ ಒತ್ತಿ ಬಗ್ಗಿಸಿದ ಹಾಗಾಯಿತು. ಲೋಹದ ಪಟ್ಟಿಯ ಬಲ ಅಳೆಯಲು ಪ್ರಯೋಗಾಲಯದಲ್ಲಿ ಮಾಡುವುದೂ ಇದನ್ನೇ.

ಈ ಟ್ಯಾಬಿನಲ್ಲಿ ಬಾಗು ಹಿಡಿದ ಜಾಗ ನೋಡಿದರೆ ಉಳಿದದ್ದು ಅರ್ಥವಾಗುತ್ತದೆ. ಒಂದು ಅಂಚಿನಲ್ಲಿ ವಾಲ್ಯೂಮ್ ಬಟನ್ನಿನ ಸೀಳು, ಅದಕ್ಕೆ ಸರಿ ಎದುರಿನ ಅಂಚಿನಲ್ಲಿ ಸಿಮ್ ಟ್ರೇ. ಎರಡರ ನಡುವೆ ಗೆರೆ ಎಳೆದರೆ ಅದೇ ಮಡಿಕೆಯ ಗೆರೆ. ಫ್ರೇಮಿನ ಬಲದ ಬಹುಪಾಲು ಅಂಚಿನ ಗೋಡೆಯಲ್ಲಿದೆ. ಗೋಡೆ ಕೊರೆದು ರಂಧ್ರ ಮಾಡಿದಲ್ಲಿ ಉಳಿಯುವ ಲೋಹ ಮೇಲೊಂದು ಎಳೆ, ಕೆಳಗೊಂದು ಎಳೆ. 8 ಮಿ.ಮೀ. ದಪ್ಪದ ಅಂಚಿನಲ್ಲಿ 3 ಮಿ.ಮೀ. ಸೀಳು ಕೊರೆದರೆ ಇನ್ನೂ 5 ಮಿ.ಮೀ. ಲೋಹ ಉಳಿಯುತ್ತದೆ; 5.5 ಮಿ.ಮೀ. ಅಂಚಿನಲ್ಲಿ ಅದೇ ಸೀಳಿಗೆ ಉಳಿಯುವುದು ಎರಡೂವರೆ. ಟ್ಯಾಬ್ ತೆಳ್ಳಗಾಯಿತೆಂದು ಬಟನ್, ಟ್ರೇ, ಯುಎಸ್‌ಬಿ-ಸಿ ಪೋರ್ಟ್ ಅದೇ ಪ್ರಮಾಣದಲ್ಲಿ ಚಿಕ್ಕದಾಗುವುದಿಲ್ಲ. ತೆಳು ಟ್ಯಾಬಿನ ಗಟ್ಟಿತನದ ಪ್ರಶ್ನೆ ಇರುವುದು ಇಲ್ಲಿ.

2018ರ ಐಪ್ಯಾಡ್ ಪ್ರೊ ವಿಷಯದಲ್ಲಿ ಇದು ಲೋಕಕ್ಕೇ ಗೊತ್ತಾಯಿತು. ದಪ್ಪ 5.9 ಮಿ.ಮೀ. ಆ ವರ್ಷದ ಕೊನೆಯಲ್ಲಿ ಜೆರ್ರಿರಿಗ್‌ಎವೆರಿಥಿಂಗ್ ಎಂಬ ಯೂಟ್ಯೂಬ್ ಚಾನೆಲ್ಲಿನ ಜ್ಯಾಕ್ ನೆಲ್ಸನ್ ಅದನ್ನು ಕೈಯಲ್ಲೇ ಮುರಿದು ತೋರಿಸಿದರು. ಮುರಿದದ್ದು ಒಂದು ಬದಿ ಮೈಕ್ರೊಫೋನ್ ರಂಧ್ರದಲ್ಲಿ, ಇನ್ನೊಂದು ಬದಿ ಆಪಲ್ ಪೆನ್ಸಿಲ್ ಚಾರ್ಜ್ ಆಗುವ ಪ್ಲಾಸ್ಟಿಕ್ ಕಿಟಕಿಯಲ್ಲಿ. ಪೆಟ್ಟಿಗೆ ತೆಗೆದಾಗಲೇ ಕೊಂಚ ಬಾಗಿದೆ ಎಂಬ ದೂರುಗಳೂ ಬಂದವು. ಆಪಲ್ 2019ರ ಜನವರಿಯಲ್ಲಿ ಕೊಟ್ಟ ವಿವರಣೆಯ ಪ್ರಕಾರ ಉದ್ದಕ್ಕೂ 400 ಮೈಕ್ರಾನ್, ಅಂದರೆ 0.4 ಮಿ.ಮೀ. ವರೆಗಿನ ವ್ಯತ್ಯಾಸ ಅದರ ಮಿತಿಯೊಳಗಿನದು. ನಾಲ್ಕು ಹಾಳೆ ಕಾಗದದಷ್ಟು ದಪ್ಪ ಅದು. ಬಳಕೆಗೆ ತೊಂದರೆಯಿಲ್ಲ ಅನ್ನುವುದು ಸರಿಯೇ ಇರಬಹುದು. ಆದರೂ ಅಷ್ಟು ದುಡ್ಡು ಕೊಟ್ಟವರಿಗೆ ನೇರವಾದ ಟ್ಯಾಬೇ ಸಿಗಬೇಕು.

ಅಂಗಡಿಯಲ್ಲಿ ನಿಂತು ಲೆಕ್ಕ ಹಾಕಲು ಒಂದು ಸುಲಭದ ದಾರಿ ಇದೆ: ಉದ್ದವನ್ನು ದಪ್ಪದಿಂದ ಭಾಗಿಸಿ. 2010ರ ಮೊದಲ ಐಪ್ಯಾಡ್ 242.8 ಮಿ.ಮೀ. ಉದ್ದ, 13.4 ದಪ್ಪ, ಭಾಗಿಸಿದರೆ 18. 2021ರ ಒಂಬತ್ತನೇ ತಲೆಮಾರಿನ ಐಪ್ಯಾಡ್ 250.6 ಉದ್ದ, 7.5 ದಪ್ಪ; 33. 2021ರ ಐಪ್ಯಾಡ್ ಮಿನಿ 6.3 ಮಿ.ಮೀ. ಅಷ್ಟೇ ಇದ್ದರೂ ಉದ್ದ 195.4 ಆದ್ದರಿಂದ 31. 2024ರ ಎಂ4 ಐಪ್ಯಾಡ್ ಪ್ರೊ, 13 ಇಂಚಿನದು, 281.6 ಉದ್ದ, 5.1 ದಪ್ಪ, 55. ಮಿನಿ ತೆಳ್ಳಗಿದ್ದರೂ ಬಾಗಿ ಬೆಂಚಿಗೆ ಬರುವುದು ಅಪರೂಪ; ಉದ್ದ ಕಡಿಮೆಯಾದ್ದರಿಂದ ಅದರ ಮೇಲೆ ಸನ್ನೆಕೋಲಿನ ಬಲ ಅಷ್ಟಾಗಿ ಬೀಳುವುದಿಲ್ಲ. ದಪ್ಪವೊಂದನ್ನೇ ನೋಡಿ ಹೆದರುವುದಕ್ಕಿಂತ ಈ ಅನುಪಾತ ನೋಡುವುದು ಒಳ್ಳೆಯದು. ನಲವತ್ತೈದು ದಾಟಿತೆಂದರೆ ಗಟ್ಟಿ ಬೆನ್ನಿನ ಕವರ್ ಇಲ್ಲದೆ ಬ್ಯಾಗಿಗೆ ಹಾಕಬಾರದು ಅನ್ನುವುದು ನಮ್ಮ ಅಳತೆ.

ಆದರೂ ಅನುಪಾತವೇ ಎಲ್ಲವೂ ಅಲ್ಲ. ಒಂದೇ ಗಟ್ಟಿ ತಗಡಾದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ: 7.5ರಿಂದ 5.1ಕ್ಕೆ ಇಳಿದರೆ ಮೂರನೇ ಒಂದು ಪಾಲಿಗಿಂತ ಕಡಿಮೆ ಉಳಿಯಬೇಕು. ಟ್ಯಾಬ್ ಗಟ್ಟಿ ತಗಡಲ್ಲ, ಮುಚ್ಚಿದ ಪೆಟ್ಟಿಗೆ. ಹಿಂದೆ ಅಲ್ಯೂಮಿನಿಯಂ, ಮುಂದೆ ಗಾಜು, ಸುತ್ತ ಗಮ್. ಗಮ್ ಗಟ್ಟಿಯಾಗಿ ಹಿಡಿದಿರುವ ತನಕ ಗಾಜೂ ಲೋಹವೂ ಸೇರಿ ಭಾರ ಹೊರುತ್ತವೆ. ಗಮ್ ಜಾರಿದರೆ ಎರಡೂ ಬೇರೆಬೇರೆಯಾಗಿ ಬಾಗುತ್ತವೆ. ಎಂ4 ಐಪ್ಯಾಡ್ ಪ್ರೊ ಒಳಗೆ ಬೋರ್ಡಿನ ಮೇಲೆ ಮುಚ್ಚುವ ಲೋಹದ ಪಟ್ಟಿಯನ್ನೇ ಉದ್ದಕ್ಕೆ ಬೆನ್ನೆಲುಬಾಗಿ ಕೂರಿಸಿದ್ದಾರೆ. ಅದೇ ನೆಲ್ಸನ್ ಅದನ್ನು ಬಗ್ಗಿಸಿದಾಗ, ಅಡ್ಡ ಹಿಡಿದು ಎರಡು ತುದಿಗಳಿಂದ ಒತ್ತಿದರೆ ಚೆನ್ನಾಗಿಯೇ ತಡೆಯಿತು, ಇನ್ನೊಂದು ದಿಕ್ಕಿನಲ್ಲಿ ಅಷ್ಟು ತಡೆಯಲಿಲ್ಲ. 5.9 ಮಿ.ಮೀ.ನದು ಸೋತಲ್ಲಿ 5.1 ಮಿ.ಮೀ.ನದು ನಿಂತಿತು. ತೆಳುವಿನಲ್ಲೂ ಗಟ್ಟಿ ಮಾಡಬಹುದು, ಎಲುಬು ಎಲ್ಲಿ ಹಾಕಬೇಕೆಂದು ಯೋಚಿಸಿದ್ದರೆ.

ಬಾಗಿದ ಟ್ಯಾಬನ್ನು ನೇರ ಮಾಡುವ ಕೆಲಸಕ್ಕೆ ಅವಸರ ಕೂಡದು. ಮೊದಲು ಬ್ಯಾಟರಿ ಶೇ. 25ಕ್ಕಿಂತ ಕೆಳಗೆ ಇಳಿಯುವ ತನಕ ವಿಡಿಯೊ ಓಡಿಸಿಡಬೇಕು; ಚಾರ್ಜ್ ತುಂಬಿದ ಬ್ಯಾಟರಿ ಸೆಲ್ಲಿಗೆ ಪಿಕ್ (ಪರದೆ ಎಬ್ಬಿಸುವ ತೆಳು ತುಂಡು) ಚುಚ್ಚಿದರೆ ಬೆಂಕಿ ಹತ್ತಬಹುದು. ಆಮೇಲೆ ಗಮ್ ಮೆತ್ತಗಾಗಲು ಹೀಟ್ ಮ್ಯಾಟಿನ ಮೇಲೆ ಅಂಚುಗಳನ್ನು ಕಾಯಿಸಬೇಕು; ಪರದೆ ಎಲ್‌ಸಿಡಿ ಆದರೆ 80 ಡಿಗ್ರಿ ಆಸುಪಾಸು. ಒಎಲ್‌ಇಡಿ ಆದರೆ 60-70 ಡಿಗ್ರಿ ದಾಟಿಸಬಾರದು, ಇಲ್ಲದಿದ್ದರೆ ಅಂಚಿನಲ್ಲಿ ನೇರಳೆ ಕಲೆ ಏಳುತ್ತದೆ. ಸಕ್ಷನ್ ಕಪ್ಪಿನಿಂದ ಕೂದಲೆಳೆ ಸಂದು ಮಾಡಿಕೊಂಡು ಐಪಿಎ (ಗಮ್ ಬಿಡಿಸುವ ಐಸೊಪ್ರೊಪೈಲ್ ಆಲ್ಕೊಹಾಲ್) ಬಿಟ್ಟು, ಪ್ಲಾಸ್ಟಿಕ್ ಪಿಕ್ ಅನ್ನು ಮೂರ್ನಾಲ್ಕು ಮಿ.ಮೀ.ಗಿಂತ ಆಳಕ್ಕೆ ತೂರದೆ ಸುತ್ತ ಬರಬೇಕು. ದಪ್ಪ ಟ್ಯಾಬಿನಲ್ಲಿ ಪಿಕ್ಕಿಗೂ ರಿಬ್ಬನ್ ಕೇಬಲ್ಲಿಗೂ ನಡುವೆ ಜಾಗವಿರುತ್ತದೆ. ತೆಳುವಿನಲ್ಲಿ ಕೇಬಲ್ಲು ಪರದೆಯ ಬೆನ್ನಿಗೇ ಅಂಟಿಕೊಂಡಿರುತ್ತದೆ, ಒಂದು ಮಿ.ಮೀ. ಹೆಚ್ಚು ಹೋದರೂ ಟಚ್ ಹೋಯಿತು.

ಬ್ಯಾಟರಿ ಕನೆಕ್ಟರ್ ಬಿಡಿಸಿದ ಮೇಲೆ ಸೆಲ್ಲಿನ ಅಂಚಿಗೆ ಐಪಿಎ ಬಿಟ್ಟು ಎರಡು ಮೂರು ನಿಮಿಷ ಕಾದು, ಪ್ಲಾಸ್ಟಿಕ್ ಕಾರ್ಡಿನಿಂದ ಎಬ್ಬಿಸಬೇಕು. ಮೊದಲು ಬಂದ ಆ ಟ್ಯಾಬಿನ ಎರಡು ಸೆಲ್ಲುಗಳಲ್ಲಿ ಒಂದರ ಮೇಲೆ ಅಡ್ಡಕ್ಕೆ ಮಡಿಕೆಯ ಗೆರೆ ಬಿದ್ದಿತ್ತು. ಅಂಥ ಸೆಲ್ಲು ಎಷ್ಟೇ ಚೆನ್ನಾಗಿ ಚಾರ್ಜ್ ಹಿಡಿಯುತ್ತಿದ್ದರೂ ಮತ್ತೆ ಹಾಕುವಂತಿಲ್ಲ. ಒಳಗಿನ ಪದರ ಕಿರಿದಾಗಿ ಮಡಚಿದ್ದರೆ ಮುಂದೊಂದು ದಿನ ಶಾರ್ಟ್ ಆಗಬಹುದು. ಬ್ಯಾಟರಿ ಒಳಗಿಟ್ಟುಕೊಂಡೇ ಮಂಡಿಯ ಮೇಲೆ ಒತ್ತಿ ನೇರ ಮಾಡಿಕೊಡುವವರಿದ್ದಾರೆ. ದಯವಿಟ್ಟು ಅವರ ಕೈಗೆ ಕೊಡಬೇಡಿ.

ಬರಿಯ ಫ್ರೇಮನ್ನು ಎರಡು ಮರದ ತುಂಡುಗಳ ನಡುವೆ ಕ್ಲ್ಯಾಂಪ್ ಹಾಕಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಬೇಕು. ಅಲ್ಯೂಮಿನಿಯಂ ಹಿಂದಕ್ಕೆ ಚಿಮ್ಮುವುದರಿಂದ ನೇರವಾಗುವ ಹಂತ ದಾಟಿಸಿ ಕೂದಲೆಳೆಯಷ್ಟು ಆಚೆಗೆ ಒತ್ತಿ ಬಿಡಬೇಕು, ಪ್ರತಿ ಸಲವೂ ಸ್ಕೇಲ್ ಇಟ್ಟು ನೋಡಬೇಕು. ಸಿಮ್ ಟ್ರೇ ಸೀಳಿನ ಮೂಲೆಯಲ್ಲಿ ಬಿಳಿ ಗೆರೆ ಕಂಡರೆ ಅಲ್ಲಿಗೆ ನಿಲ್ಲಿಸುವುದು. ಅದು ಬಿರುಕಿನ ಶುರು. ಇದನ್ನು 0.3 ಮಿ.ಮೀ.ಗೆ ತಂದು ಬಿಟ್ಟೆವು. ಹೊಸ ಬ್ಯಾಟರಿ, ಪರದೆಗೆ ಅಳತೆಗೆ ಕತ್ತರಿಸಿದ ಗಮ್ ಟೇಪ್, ಸುತ್ತ ಕ್ಲಿಪ್ಪು, ರಾತ್ರಿಯಿಡೀ ಹಾಗೇ. ಟಚ್ ಮರಳಿತು, ಯಾಕೆಂದರೆ ಅಲ್ಲಿ ಕೇಬಲ್ ಹರಿದಿರಲಿಲ್ಲ, ಫ್ರೇಮು ಒತ್ತುತ್ತಿತ್ತಷ್ಟೆ. ಬಿ-7000ನಂಥ ಟ್ಯೂಬ್ ಗಮ್ ಮಾತ್ರವೇ ಹಾಕಿದರೆ ಪೂರ್ತಿ ಗಟ್ಟಿಯಾಗಲು 24ರಿಂದ 48 ಗಂಟೆ ಬೇಕು, ಗಟ್ಟಿಯಾದ ಮೇಲೂ ರಬ್ಬರಿನ ಹಾಗೆ ಎಳೆಯುತ್ತದೆ. ಪರದೆ ಬಿಚ್ಚಿ ಹಾಕಿಸಿದ ತೆಳು ಟ್ಯಾಬ್ ಮೊದಲಿಗಿಂತ ಸುಲಭವಾಗಿ ಬಾಗುವುದು ಹೆಚ್ಚಾಗಿ ಇದೇ ಕಾರಣಕ್ಕೆ. ರಿಪೇರಿಗೆ ಕೊಡುವಾಗ ಯಾವ ಗಮ್ ಹಾಕುತ್ತೀರಿ ಎಂದು ಕೇಳಲೇಬೇಕು.

ಮಧ್ಯಾಹ್ನ ಬಂದದ್ದು ಅದಕ್ಕೆ ಪೂರ್ತಿ ಎದುರು: ಪ್ಲಾಸ್ಟಿಕ್ ಬೆನ್ನಿನ, 8 ಮಿ.ಮೀ. ದಪ್ಪದ, ಮಗು ಕೈಯಿಂದ ಬಿದ್ದು ಗಾಜು ಜಾಲರಿಯಾಗಿದ್ದ ಟ್ಯಾಬ್. ಒಳಗೆ ಎಲ್‌ಸಿಡಿಗೆ ಏನೂ ಆಗಿರಲಿಲ್ಲ. ಇಂಥ ಟ್ಯಾಬಿನಲ್ಲಿ ಟಚ್ ಗಾಜೂ ಡಿಸ್‌ಪ್ಲೇಯೂ ಬೇರೆಬೇರೆ, ನಡುವೆ ಗಾಳಿಯ ಸಂದು. ಗಾಜು ಮಾತ್ರ ಬದಲಿಸಿ ಸಂಜೆಯೊಳಗೆ ಕೊಟ್ಟಾಯಿತು. ತೆಳು ಟ್ಯಾಬುಗಳಲ್ಲಿ ಈ ಸಂದನ್ನು ತೆಗೆದು ಎರಡನ್ನೂ ಒಂದಕ್ಕೊಂದು ಅಂಟಿಸಿಬಿಟ್ಟಿರುತ್ತಾರೆ. ಐಪ್ಯಾಡುಗಳಲ್ಲಿ ಇದು ಶುರುವಾದದ್ದು 2014ರ ಏರ್ 2ರಿಂದ. ಅದರ ದಪ್ಪ 7.5ರಿಂದ 6.1ಕ್ಕೆ ಇಳಿಯಲು ಇದೂ ಒಂದು ಕಾರಣ. ಚಿತ್ರ ಗಾಜಿನ ಮೇಲೇ ಬರೆದ ಹಾಗೆ ಕಾಣುತ್ತದೆ, ಪೆನ್ನಿನ ತುದಿಗೂ ಗೆರೆಗೂ ಅಂತರವಿಲ್ಲ, ದೂಳು ಸೇರುವುದಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಒಳಗೆ ಮಂಜು ಕಟ್ಟುವುದಿಲ್ಲ. ಆದರೆ ಗಾಜು ಒಡೆದರೆ ಗಾಜೂ ಡಿಸ್‌ಪ್ಲೇಯೂ ಸೇರಿದ ಇಡೀ ಕಾಂಬೊ ಬದಲಿಸಬೇಕು, ಖರ್ಚು ಹಲವು ಪಟ್ಟು. ಮಕ್ಕಳ ಕೈಗೆ ಕೊಡುವ ಟ್ಯಾಬಿಗೆ ಗಾಳಿಯ ಸಂದು ಇರುವುದೇ ವಾಸಿ, ಚಿತ್ರ ಕೊಂಚ ಮಂಕಾದರೂ ಚಿಂತೆಯಿಲ್ಲ. ಚಿತ್ರ ಬರೆಯುವವರಿಗೆ ಅಂಟಿಸಿದ್ದೇ ಬೇಕು.

ದಪ್ಪ ಇದ್ದಮಾತ್ರಕ್ಕೆ ಗಟ್ಟಿ ಎಂದೂ ಹೇಳಲಾಗದು. ಅದೇ ಪ್ಲಾಸ್ಟಿಕ್ ಟ್ಯಾಬಿನ ಒಳಗೆ ಬ್ಯಾಟರಿಯನ್ನು ಎರಡು ತುಂಡು ಡಬಲ್ ಟೇಪಿನಲ್ಲಿ ಅಂಟಿಸಿದ್ದರು, ಸ್ಕ್ರೂ ಕೂರುವ ಕಂಬಗಳಲ್ಲಿ ಎರಡು ಬುಡಸಮೇತ ಸೀಳಿದ್ದವು, ಚಾರ್ಜಿಂಗ್ ಪೋರ್ಟು ಬೋರ್ಡಿಗೆ ಬರೀ ಬೆಸುಗೆಯ ಮೇಲೆ ನಿಂತಿತ್ತು. 2018ರ ಆ ತೆಳು ಐಪ್ಯಾಡ್ ಪ್ರೊನಲ್ಲಿ ಯುಎಸ್‌ಬಿ-ಸಿ ಪೋರ್ಟ್ ಬೇರೆ ಬಿಡಿಭಾಗ, ಹಾಳಾದರೆ ಅದೊಂದನ್ನೇ ಬದಲಿಸಬಹುದು. ನೀರಿನ ವಿಷಯವೂ ಹಾಗೆಯೇ: ಸೋನಿಯ 2013ರ ಎಕ್ಸ್‌ಪೀರಿಯಾ ಟ್ಯಾಬ್ಲೆಟ್ ಜೆಡ್ 6.9 ಮಿ.ಮೀ. ಇದ್ದುಕೊಂಡೇ ನೀರು ತಡೆಯುತ್ತಿತ್ತು, ಸ್ಯಾಮ್‌ಸಂಗ್‌ನ 2023ರ ಟ್ಯಾಬ್ ಎಸ್9 ಸಾಲಿಗೆ ಐಪಿ68, ಅಂದರೆ ದೂಳೂ ನೀರೂ ತಡೆಯುವ ದರ್ಜೆ, ಇದೆ. ದಪ್ಪ ನಿಜಕ್ಕೂ ಕೆಲಸಕ್ಕೆ ಬರುವುದು ಸ್ಯಾಮ್‌ಸಂಗ್‌ನದೇ ಟ್ಯಾಬ್ ಆಕ್ಟಿವ್5ನಂಥದ್ದರಲ್ಲಿ. ಅದು ಸುಮಾರು 10 ಮಿ.ಮೀ., ಆದರೆ ಬ್ಯಾಟರಿಯನ್ನು ಬಳಸುವವರೇ ಕೈಯಲ್ಲಿ ತೆಗೆದು ಹಾಕಬಹುದು. ಹೊಲ, ಗೋದಾಮು, ಸಮೀಕ್ಷೆಯ ಕೆಲಸಕ್ಕೆ ಟ್ಯಾಬ್ ಬೇಕಾದವರು ಹೊಳಪಿನ ತೆಳು ಟ್ಯಾಬಿನ ಕಡೆ ನೋಡದೆ ಇಂಥದ್ದನ್ನೇ ತೆಗೆದುಕೊಳ್ಳಬೇಕು ಅಂತ ನಾವು ಒತ್ತಿ ಹೇಳುತ್ತೇವೆ.

ಕೊಳ್ಳುವಾಗ ಎರಡು ಉದ್ದ ಅಂಚು ಹಿಡಿದು ಹಗುರಾಗಿ ತಿರುಚಿ, ಕಿರಕಿರ ಸದ್ದು ಬರುತ್ತದೆಯೇ ಕೇಳಿ. ಗಾಜಿನ ಕೌಂಟರಿನ ಮೇಲೆ ಪರದೆ ಕೆಳಗಾಗಿಸಿ ಮೆತ್ತನೆಯ ಬಟ್ಟೆಯ ಮೇಲಿಟ್ಟು ನಾಲ್ಕು ಮೂಲೆ ಒತ್ತಿ ನೋಡಿ, ಅಲುಗಾಡಬಾರದು. ಮಧ್ಯದಲ್ಲಿ ಎದುರುಬದುರು ಸೀಳುಗಳಿವೆಯೇ ಗಮನಿಸಿ. ಬ್ಯಾಗಿನಲ್ಲಿ ಬೆನ್ನಿಗೆ ಹತ್ತಿರದ ಖಾನೆಯಲ್ಲಿ, ಪರದೆಯ ಕಡೆಗೆ ಗಟ್ಟಿ ರಟ್ಟಿನ ಪುಸ್ತಕವಿಟ್ಟು ಹಾಕಿ. ಚಾರ್ಜರಿಗೆ ಬೇರೆ ಖಾನೆ. ಅಯಸ್ಕಾಂತದ ಮಡಿಚುವ ಕವರೂ ಟೆಂಪರ್ಡ್ ಗಾಜೂ ಗೀರಿನಿಂದ ಕಾಪಾಡುತ್ತವೆ, ಬಾಗುವುದನ್ನು ತಡೆಯುವುದಿಲ್ಲ.

ಸಂಜೆಯ ಟ್ಯಾಬ್ ಒಂದು ಅಂಗಡಿಯ ಬಿಲ್ಲಿಂಗ್ ಕೌಂಟರಿನದು. ಬಿದ್ದಿಲ್ಲ, ಬಾಗಿಲ್ಲ, ಪರದೆಯ ಒಂದು ಅಂಚು ಮೇಲೆದ್ದಿದೆ, ಸಂದಿನಲ್ಲಿ ಒಳಗಿನ ಬೆಳಕು ಕಾಣುತ್ತಿದೆ. ಇಡೀ ಹೊತ್ತು ಚಾರ್ಜಿನಲ್ಲೇ, ಶೇ. 100ರಲ್ಲೇ ಇದ್ದುಕೊಂಡು ಬ್ಯಾಟರಿ ಊದಿದೆ. ಲಿಥಿಯಂ ಪೌಚ್ ಸೆಲ್ಲು ವಯಸ್ಸಾದಂತೆ ಗ್ಯಾಸ್ ಬಿಟ್ಟು ಉಬ್ಬುವುದು ಸಹಜ. ದಪ್ಪ ಟ್ಯಾಬಿನಲ್ಲಿ ಸೆಲ್ಲಿನ ಮೇಲಿರುವ ಸಂದು ಆ ಉಬ್ಬನ್ನು ಒಂದಷ್ಟು ನುಂಗಿಕೊಳ್ಳುತ್ತದೆ. ತೆಳುವಿನಲ್ಲಿ ಸೆಲ್ಲಿನ ನೆತ್ತಿಯ ಮೇಲೇ ಪರದೆ. ಬಿಸಿಲೂ ಇದನ್ನು ಬೇಗ ಮಾಡುತ್ತದೆ. ಐಪ್ಯಾಡನ್ನು ಬಳಸಬೇಕಾದ ವಾತಾವರಣ 35 ಡಿಗ್ರಿವರೆಗೆ, ಆಫ್ ಮಾಡಿ ಇಡುವುದಾದರೆ 45ರವರೆಗೆ ಎನ್ನುತ್ತದೆ ಆಪಲ್; ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತದೆ, ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಸದಾ ಚಾರ್ಜಿನಲ್ಲಿರುವ ಟ್ಯಾಬಿಗೆ ಸೆಟ್ಟಿಂಗ್ಸಿನಲ್ಲಿ ಶೇ. 80ರ ಮಿತಿ ಇದ್ದರೆ ಹಾಕಿ, ಇಲ್ಲದಿದ್ದರೆ ಪ್ಲಗ್ಗಿಗೆ ಟೈಮರ್ ಹಾಕಿ. ಅಂಚು ಎದ್ದದ್ದು ಕಂಡ ತಕ್ಷಣ ಚಾರ್ಜರ್ ಕಿತ್ತು, ಆಫ್ ಮಾಡಿ, ಎದ್ದ ಭಾಗವನ್ನು ಒತ್ತಿ ಕೂರಿಸಲು ಹೋಗದೆ, ಸುಡುವ ವಸ್ತುಗಳಿಂದ ದೂರ ಸಿಮೆಂಟಿನ ನೆಲದ ಮೇಲಿಟ್ಟು, ಅದೇ ದಿನ ಬ್ಯಾಟರಿ ತೆಗೆಸಿ.